ಪಟ್ಟಣದ ಪಟ

ಮೈಸೂರಿನಲ್ಲಿ ಮನೆ ಮಾಡಿಕೊಂಡವನಿಗೆ ತಪ್ಪಿಸಿಕೊಳ್ಳಲಾಗದ ಕರ್ತವ್ಯಗಳು ಕೆಲವುಂಟು. ಬಂದ ನೆಂಟರಿಗೆ ಊರು ತೋರಿಸುವುದು ಅವುಗಳಲ್ಲಿ ಮೊದಲನೆಯದು. ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ ಇಷ್ಟೂ ಮುಗಿದು, ಮಧ್ಯಾಹ್ನದ ಊಟ ಅರಗಿದ ಮೇಲೆ ನೆಂಟರು ಗಡಿಯಾರ ನೋಡಿಕೊಂಡು, "ಇನ್ನೂ ಹೊತ್ತಿದೆಯಲ್ಲ, ಪಟ್ಟಣಕ್ಕೊಂದು ಸುತ್ತು ಹೋಗಿಬರೋಣವೆ?" ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಪಟ್ಟಣವೆಂದರೆ ಶ್ರೀರಂಗಪಟ್ಟಣ. ಮಿಕ್ಕವೆಲ್ಲ ಬರಿಯ ಊರುಗಳು. ಎರಡು ಶತಮಾನಕ್ಕೆ ಸ್ವಲ್ಪ ಕಡಿಮೆ ಕಾಲ ರಾಜಧಾನಿಯಾಗಿ ಮೆರೆದ ಊರಿಗೆ ಈಗ ಸಲ್ಲುವುದು ನೆಂಟರ ದಿನದಲ್ಲಿ ಉಳಿದ ಚೂರುಪಾರು ಹೊತ್ತು.

ಆ ಚೂರುಪಾರು ಹೊತ್ತಿನಲ್ಲಿ ನೋಡುವುದಾದರೂ ಏನನ್ನು? ಟಿಪ್ಪು ಸುಲ್ತಾನನ ಹೆಣ ಸಿಕ್ಕಿದ ಜಾಗ. ಇಂಗ್ಲಿಷ್ ಸೆರೆಯಾಳುಗಳನ್ನು ಕೂಡಿಹಾಕಿದ್ದರೆಂದು ತೋರಿಸುವ ನೆಲಮಾಳಿಗೆ. ಕೋಟೆ ಒಡೆದ ಕಡೆ ೧೯೦೭ರಲ್ಲಿ ನಿಲ್ಲಿಸಿದ ಸ್ಮಾರಕಸ್ತಂಭ. ಕೊನೆಗೆ ಗುಂಬಜಿನ ಗೋರಿ. ರಂಗನಾಥನ ದರ್ಶನವೊಂದನ್ನು ಬಿಟ್ಟರೆ ಸತ್ತದ್ದು, ಕೂಡಿಹಾಕಿದ್ದು, ಒಡೆದದ್ದು, ಹೂಳಿದ್ದು, ಇವೇ ನಾಲ್ಕು. ಒಂದೊಂದರ ಮುಂದೆಯೂ ನೆಂಟರು ಎತ್ತರದ ಕ್ರಮದಲ್ಲಿ ಸಾಲಾಗಿ ನಿಲ್ಲುತ್ತಾರೆ. ಮಕ್ಕಳನ್ನು ಮುಂದೆ ಕೂರಿಸುತ್ತಾರೆ. "ನಗಿರಿ" ಎಂದು ಯಾರೋ ಅಪ್ಪಣೆ ಮಾಡುತ್ತಾರೆ. ಹೆಣ ಸಿಕ್ಕಿದ ಜಾಗದ ಮುಂದೆ ಮುಖವರಳಿಸಿ ನಿಂತ ಹದಿನಾಲ್ಕು ಮಂದಿಯ ಪಟ ನನ್ನ ಫೋನಿನಲ್ಲಿಯೇ ಇದೆ. ಅವರಲ್ಲಿ ನಾಲ್ವರು ನನ್ನ ಹೆಂಡತಿಯ ತವರಿನವರಾದ್ದರಿಂದ ಈ ವಿಷಯವನ್ನು ಇಲ್ಲಿಗೇ ಬಿಡುವುದು ಕ್ಷೇಮ.

ನೆಂಟರನ್ನು ದೂರಿ ಫಲವಿಲ್ಲ. ಆ ಊರನ್ನು ಹಾಗೆ ನೋಡುವ ಪಾಠವನ್ನು ಲೋಕಕ್ಕೆ ಕಲಿಸಿದವರು ಬೇರೆ. ೧೭೯೧-೯೨ರಲ್ಲಿ ಕಾರ್ನ್‌ವಾಲಿಸನ ದಂಡಿನೊಡನೆ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಬಂದ. ಅವನು ಬರೆದ ಮೈಸೂರು ಸೀಮೆಯ ನೋಟಗಳು ೧೭೯೪ರಲ್ಲಿ ಪುಸ್ತಕವಾಗಿ ಲಂಡನ್ನಿನಲ್ಲಿ ಅಚ್ಚಾದವು. ಅವನಾದರೂ ಈ ನೆಲವನ್ನು ಕಣ್ಣಾರೆ ಕಂಡಿದ್ದ. ೧೭೯೯ರ ಮೇ ೪ರಂದು ಕೋಟೆ ಬಿದ್ದ ಸುದ್ದಿ ಮುಟ್ಟಿದ ಮರುವರ್ಷವೇ ರಾಬರ್ಟ್ ಕೇರ್ ಪೋರ್ಟರ್ ಎಂಬ ಯುವಕ, ಇಂಡಿಯಾದ ಧೂಳನ್ನೇ ಕಾಣದವನು, ನೂರಡಿಗೂ ಮೀರಿದ ಉದ್ದದ ಚಿತ್ರಪಟವೊಂದರಲ್ಲಿ ಆ ಮುತ್ತಿಗೆಯನ್ನು ಬರೆದು ಲಂಡನ್ನಿನವರಿಗೆ ತೋರಿಸಿದ. ಜನ ಕಾಸು ಕೊಟ್ಟು ನೋಡಿದರು. ಹೆಸರಾಂತ ಟರ್ನರನೂ ಈ ಕೋಟೆಯನ್ನು ಬರೆದಿದ್ದಾನೆ. ಅವನೂ ಇಲ್ಲಿಗೆ ಬಂದವನಲ್ಲ. ಡೇವಿಡ್ ವಿಲ್ಕಿ ೧೮೩೯ರಲ್ಲಿ ಮುಗಿಸಿದ ದೊಡ್ಡ ಚಿತ್ರದಲ್ಲಿ ಸೇನಾನಿ ಬೇರ್ಡ್ ಸುಲ್ತಾನನ ಹೆಣದ ಬಳಿ ನಿಂತಿದ್ದಾನೆ. ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ಪ್ರಕಟವಾದದ್ದೂ ಅದೇ ೧೮೩೯ರಲ್ಲಿ. ಅಂದರೆ ನಮ್ಮ ಊರಿಗೆ ಕ್ಯಾಮರಾ ಬರುವ ಮೊದಲೇ ಅದು ಎಲ್ಲಿ ನಿಲ್ಲಬೇಕು, ಯಾವ ಕಡೆ ಮುಖ ಮಾಡಬೇಕು ಎಂಬುದೆಲ್ಲ ಗೊತ್ತಾಗಿಹೋಗಿತ್ತು. ಮೇ ೪ರ ಮಧ್ಯಾಹ್ನವೇ ಆ ಊರಿನ ಶಾಶ್ವತವಾದ ಹೊತ್ತು ಎಂದು ನಿಶ್ಚಯವಾಗಿತ್ತು.

ಮೇ ೫ರ ಬೆಳಗ್ಗೆ ಏನಾಯಿತು? ಅದನ್ನು ಯಾರೂ ಬರೆಯಲಿಲ್ಲವೆಂದಲ್ಲ. ರಾತ್ರಿಯಿಡೀ ನಡೆದ ಸುಲಿಗೆಯನ್ನು ನಿಲ್ಲಿಸಲು ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಬೇಕಾಯಿತು. ಮುಂದಿನ ವರ್ಷ ಫ್ರಾನ್ಸಿಸ್ ಬುಕಾನನ್ ಬಂದು ಮನೆಗಳ ಲೆಕ್ಕ ಹಿಡಿದು ಬರೆದುಕೊಂಡ: ಸುಲ್ತಾನನ ಕಾಲದಲ್ಲಿ ದ್ವೀಪದ ಮೇಲೆ ಒಂದೂವರೆ ಲಕ್ಷ ಜನರಿದ್ದರೆಂಬ ಅಂದಾಜು, ಈಗ ಕೋಟೆಯೂ ಗಂಜಾಮೂ ಕೂಡಿ ಮೂವತ್ತೆರಡು ಸಾವಿರಕ್ಕೂ ಕೊಂಚ ಕಡಿಮೆ. ಉಳಿದವರೆಲ್ಲಿ? ಸತ್ತವರು ಕೆಲವರು, ಊರು ಬಿಟ್ಟವರು ಬಹಳ. ಅರಸೊತ್ತಿಗೆ ಮೈಸೂರಿಗೆ ಬಂತು. ೧೭೯೯ರ ಜೂನ್ ೩೦ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜರಿಗೆ ಇಲ್ಲಿ ಪಟ್ಟವಾಯಿತು. ಉದ್ಯೋಗಸ್ಥರು ಬಂದರು, ಅವರ ಹಿಂದೆ ಅಕ್ಕಸಾಲಿಗರು, ಬಟ್ಟೆ ವ್ಯಾಪಾರಿಗಳು, ಅಡಿಗೆಯವರು, ಪಂಡಿತರು. ಇಂಗ್ಲಿಷ್ ದಂಡಿಗೆ ದ್ವೀಪದ ಚಳಿಜ್ವರ ತಡೆಯಲಿಲ್ಲ. ೧೮೦೯ರ ಹೊತ್ತಿಗೆ ಅದು ಬೆಂಗಳೂರಿನ ದಂಡುಪ್ರದೇಶಕ್ಕೆ ಹೊರಟುಹೋಯಿತು. ಲಾಲ್‌ಬಾಗ್ ಅರಮನೆಯ ತೊಲೆಗಳು ಬೆಟ್ಟ ಹತ್ತಿ ಉದಕಮಂಡಲದ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡಿಗೆ ಸೇರಿದವು; ಇಂದಿಗೂ ಅಲ್ಲಿಯೇ ಇವೆ.

ಮೈಸೂರಿಗರು ಪಟ್ಟಣದ ಹಾಳನ್ನು ಕುರಿತು ಮರುಗುವಾಗ ಒಂದು ಮಾತನ್ನು ನೆನೆಯುವುದು ಒಳ್ಳೆಯದು. ಟಿಪ್ಪು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲನ್ನು ನಜರಬಾದಿನ ಕಟ್ಟಡಕ್ಕೆ ಸಾಗಿಸಿದ. ೧೭೯೯ರ ತರುವಾಯ ಅದೇ ಕಲ್ಲನ್ನು ಹಿಂದಕ್ಕೆ ತಂದು ಮತ್ತೆ ಮೈಸೂರಿನ ಕೋಟೆ ಕಟ್ಟಿದರು. ಕಲ್ಲಿಗೆ ಬಾಯಿದ್ದರೆ "ನನ್ನನ್ನು ಒಂದು ಕಡೆ ಕೂರಗೊಡಿ" ಎಂದು ಕೂಗಿಕೊಳ್ಳುತ್ತಿತ್ತೋ ಏನೋ. ಗಂಜಾಮಿನ ಕಥೆಯೂ ಅಷ್ಟೆ. ಅದನ್ನು ತುಂಬಲು ಸುಲ್ತಾನ ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿ ತಂದನೆಂದು ಗ್ಯಾಸೆಟಿಯರು ಹೇಳುತ್ತದೆ. ಒಂದು ಊರು ತುಂಬಬೇಕಾದರೆ ಇನ್ನೊಂದು ಊರು ಬರಿದಾಗಬೇಕೆಂಬುದು ನಮ್ಮ ಸೀಮೆಯ ಹಳೆಯ ಲೆಕ್ಕ. ಪಟ್ಟಣದಿಂದ ಏನೇನು ಹೋಯಿತೋ ಅದರಲ್ಲಿ ಒಳ್ಳೆಯ ಪಾಲು ನಮ್ಮ ಮೈಸೂರಿನ ಬೀದಿಗಳಲ್ಲಿಯೇ ಇದೆ.

ಹಾಗೆಂದು ಊರು ಸತ್ತುಹೋಯಿತೆ? ದಿವಾನ್ ಪೂರ್ಣಯ್ಯನವರು ೧೮೦೪ರಲ್ಲಿ ಹೊಳೆಗೆ ಕಲ್ಲಿನ ಸೇತುವೆ ಕಟ್ಟಿಸಿದರು. ಹೆಸರೇನೋ ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಕಂಬಗಳೆಲ್ಲ ನಮ್ಮ ಬಂಡೆಯವು. ಎಷ್ಟೋ ಪ್ರವಾಹಗಳು ಅದರ ತಲೆಯ ಮೇಲೆ ಹರಿದುಹೋಗಿವೆ, ಅದು ನಿಂತಿದೆ. ಕೆಲಸದಿಂದ ನಿವೃತ್ತರಾದ ಮೇಲೆ ಪೂರ್ಣಯ್ಯನವರು ಪಟ್ಟಣದಲ್ಲಿಯೇ ವಾಸಕ್ಕೆ ಹೋಗಿ ೧೮೧೨ರಲ್ಲಿ ಅಲ್ಲಿಯೇ ತೀರಿಕೊಂಡರು. ಯುದ್ಧ ಮುಗಿದ ಊರಿಗೆ ಮೊದಲು ಬೇಕಾದದ್ದು ಆಚೆ ದಡಕ್ಕೆ ಹೋಗುವ ದಾರಿ ಎಂಬುದು ಆ ಮುದುಕರಿಗೆ ತಿಳಿದಿತ್ತು. ಯುರೋಪಿನಲ್ಲಿ ನೆರೆತ್ವಾ ನದಿಯ ಮೇಲಿನ ಮೋಸ್ತಾರ್ ಪಟ್ಟಣದವರಿಗೂ ಅದು ತಿಳಿದಿತ್ತು. ೧೯೯೩ರ ನವೆಂಬರಿನಲ್ಲಿ ಫಿರಂಗಿಗೆ ಸಿಕ್ಕಿ ಹೊಳೆಗೆ ಬಿದ್ದ ತಮ್ಮ ಹಳೆಯ ಸೇತುವೆಯನ್ನು ೨೦೦೪ರಲ್ಲಿ ಮತ್ತೆ ಎಬ್ಬಿಸಿದರು. ಈಗ ಅಲ್ಲಿಗೆ ಹೋಗುವ ಪ್ರವಾಸಿಗಳು ಸೇತುವೆಯ ಪಟ ತೆಗೆದು, ಆಮೇಲೆ ಗುಂಡಿನ ಗುರುತಿರುವ ಗೋಡೆಗಳನ್ನು ಹುಡುಕಿಕೊಂಡು ಹೋಗುತ್ತಾರಂತೆ. ನಮ್ಮ ನೆಂಟರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ನಾನು ಕನ್ನಡ ಪಾಠ ಹೇಳಿ ಜೀವಿಸುವವನಾದ್ದರಿಂದ ಪಟ್ಟಣ ನನಗೆ ಇನ್ನೊಂದು ರೀತಿಯಲ್ಲಿಯೂ ಬೇಕಾದದ್ದು. ಚಿಕ್ಕದೇವರಾಜರ ಅರಮನೆಯಲ್ಲಿ ಸಂಚಿಯ ಊಳಿಗ ಮಾಡಿಕೊಂಡೇ 'ಹದಿಬದೆಯ ಧರ್ಮ' ಬರೆದ ಹೊನ್ನಮ್ಮ ನಡೆದಾಡಿದ ಊರು ಅದು. ಅದಕ್ಕೂ ಹಿಂದೆ, ೧೬೩೮ರ ಸುಮಾರಿನಲ್ಲಿ, ಬಿಜಾಪುರದ ರಣದುಲ್ಲಾ ಖಾನ ಪಟ್ಟಣಕ್ಕೆ ಮುತ್ತಿಗೆ ಹಾಕಿ ಹಿಮ್ಮೆಟ್ಟಿದ. ಹತ್ತು ವರ್ಷ ಕಳೆದ ಮೇಲೆ, ೧೬೪೮ರಲ್ಲಿ, ಗೋವಿಂದವೈದ್ಯ 'ಕಂಠೀರವ ನರಸರಾಜ ವಿಜಯ'ವನ್ನು ಬರೆದ. ಆ ಕಾವ್ಯದಲ್ಲಿ ಯುದ್ಧವೂ ಇದೆ, ನವರಾತ್ರಿಯೂ ಇದೆ. ನನಗೆ ಆಶ್ಚರ್ಯವಾಗುವುದು ನವರಾತ್ರಿಯ ಭಾಗ. ಒಡ್ಡೋಲಗ, ಮಲ್ಲರ ಕಾಳಗ, ನೋಡಲು ಕವಿದ ಜನ, ಎಲ್ಲವನ್ನೂ ಆತ ಬಿಡದೆ ಹೇಳುತ್ತಾನೆ. ಹಬ್ಬಕ್ಕೆ ಬಂದ ಪರಸ್ಥಳದವನು ಕಂಡದ್ದನ್ನೆಲ್ಲ ಹಿಡಿದಿಟ್ಟುಕೊಳ್ಳಲು ಹೊರಟಂತೆ. ಮುತ್ತಿಗೆ ಕಂಡ ಕೋಟೆಯೊಳಗೆ ಹತ್ತೇ ವರ್ಷದಲ್ಲಿ ಜನ ಕಿಕ್ಕಿರಿದು ಕುಸ್ತಿ ನೋಡುತ್ತಿದ್ದರು. ಚೇತರಿಸಿಕೊಂಡ ಊರಿನ ಪಟ ಅದು, ಕ್ಯಾಮರಾ ಹುಟ್ಟುವುದಕ್ಕೆ ಸುಮಾರು ಇನ್ನೂರು ವರ್ಷ ಮೊದಲು ತೆಗೆದದ್ದು. ೧೭೯೯ರ ತರುವಾಯದ ಪಟ್ಟಣಕ್ಕೆ ಅಂಥ ಗೋವಿಂದವೈದ್ಯ ಸಿಕ್ಕಲಿಲ್ಲ.

ಸಿಕ್ಕದ್ದಕ್ಕೆ ಬದಲಾಗಿ ಒಂದು ಗೋಡೆ ಇದೆ. ದರಿಯಾ ದೌಲತ್ ೧೭೮೪ರ ಕಟ್ಟಡ. ಅದರ ಪಡುವಣ ಗೋಡೆಯ ಮೇಲೆ, ೧೭೮೦ರಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿ ಸೋತ ಯುದ್ಧದ ಚಿತ್ರವಿದೆ. ಮುಂದೆ ಆ ಚಿತ್ರದ ಮೇಲೆ ಸುಣ್ಣ ಬಿತ್ತು. ಗೆದ್ದ ವೆಲ್ಲೆಸ್ಲಿ ಆ ಮನೆಯಲ್ಲಿಯೇ ಇಳಿದುಕೊಂಡು, ತನ್ನವರ ಸೋಲಿನ ಚಿತ್ರವನ್ನು ಸರಿಮಾಡಿಸಿದ. ಅದು ಮತ್ತೆ ಮಸುಕಾದಾಗ ೧೮೫೫ರಲ್ಲಿ ಡಾಲ್‌ಹೌಸಿಯ ಅಪ್ಪಣೆಯಂತೆ ಪುನಃ ಬಣ್ಣ ಕಂಡಿತು. ಮೊದಲು ಬರೆಸಿದವನು ಗೆದ್ದವನು. ಅಳಿಯದಂತೆ ಉಳಿಸಿದವರು ಆ ಚಿತ್ರದಲ್ಲಿ ಸೋತವರು. ಅದರ ಮುಂದೆ ನಿಂತಾಗಲೆಲ್ಲ ಕುದುರೆಗಳನ್ನೂ ಮುಖಗಳನ್ನೂ ತಿದ್ದಿ ಬರೆದ ಅನಾಮಧೇಯ ಚಿತ್ರಗಾರನೇ ನನ್ನ ನೆನಪಿಗೆ ಬರುತ್ತಾನೆ. ಅವನಿಗೆ ಕೂಲಿ ಸಿಕ್ಕಿತೆ? ಅವನ ಮನೆ ಯಾವ ಬೀದಿಯಲ್ಲಿತ್ತು?

ಕ್ಯಾಮರಾ ಬಂದಮೇಲೂ ಯುದ್ಧದ ಊರುಗಳಿಗೆ ನ್ಯಾಯ ದೊರಕಿತೆಂದು ಹೇಳಲಾರೆ. ೧೮೫೮ರಲ್ಲಿ ಗೋಮತೀ ತೀರದ ಲಕ್ನೋಗೆ ಹೋದ ಫೆಲಿಚೆ ಬಿಯಾತೊ, ಸಿಕಂದರ್ ಬಾಗಿನ ಪಟ ತೆಗೆಯುವಾಗ ಅಂಗಳದಲ್ಲಿ ಎಲುಬುಗಳು ಹರಡಿರುವಂತೆ ಏರ್ಪಾಡು ಮಾಡಿದನೆಂಬುದು ಪ್ರಸಿದ್ಧವಾದ ಸಂಗತಿ. ಯುದ್ಧ ಮುಗಿದು ತಿಂಗಳುಗಳಾಗಿದ್ದವು. ಪಟಕ್ಕೆ ಅದು ಮುಗಿದಿರಬಾರದಾಗಿತ್ತು. ಆದರೆ ಅದೇ ಯಂತ್ರ ಉಪಕಾರವನ್ನೂ ಮಾಡಿದೆ. ತುಂಗಭದ್ರೆಯ ದಡದ ಹಂಪೆಯಲ್ಲಿ ೧೮೫೬ರಲ್ಲಿ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ಮೇಲೆ ಪಟಗಳನ್ನು ತೆಗೆದ. ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೆ ಆಗ ಇಟ್ಟಿಗೆಯ ಶಿಖರವಿತ್ತೆಂದು ಇಂದು ಕಣ್ಣಿಗೆ ಕಟ್ಟುವುದು ಆ ಪಟದಿಂದ. ೧೯೮೩ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲಿಯೇ ಕ್ಯಾಮರಾ ನಿಲ್ಲಿಸಿ ಮತ್ತೆ ಪಟ ತೆಗೆದರು. ನಮ್ಮ ಪಟ್ಟಣದಲ್ಲಿಯೂ ೨೦೧೭ರಲ್ಲಿ ಜೋಡಿ ರೈಲುಹಾದಿಗೆ ಅಡ್ಡವಾದ ಮದ್ದಿನ ಮನೆಯೊಂದನ್ನು, ಸುಮಾರು ಸಾವಿರ ಟನ್ನಿನ ಆ ಇಟ್ಟಿಗೆ ಗಾರೆಯ ಮುದ್ದೆಯನ್ನು, ಬುಡಸಹಿತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಅದು ಮೊದಲು ಎಲ್ಲಿತ್ತೆಂದು ಮುಂದಿನವರು ಕೇಳಿದರೆ ಹಳೆಯ ಪಟಗಳೇ ಸಾಕ್ಷಿ ಹೇಳಬೇಕು.

ಈ ಎರಡು ಮಾತುಗಳ ನಡುವೆ ನಾನು ಬಹಳ ದಿನ ಸಿಕ್ಕಿಕೊಂಡಿದ್ದೆ. ನಾಲ್ಕು ವರ್ಷದ ಹಿಂದೆ ನಮ್ಮ ತಂದೆಯವರು ತೀರಿಕೊಂಡಾಗ ಅಸ್ಥಿ ಬಿಡಲು ಪಶ್ಚಿಮವಾಹಿನಿಗೆ ಹೋದೆವು. ಕಾವೇರಿ ಅಲ್ಲಿ ಪಡುವಲಿಗೆ ತಿರುಗಿ ಹರಿಯುತ್ತಾಳೆ. ಮೈಸೂರು ಸೀಮೆಯ ಮನೆಮನೆಯವರೂ ಒಂದಲ್ಲ ಒಂದು ಸಾರಿ ಮಣ್ಣಿನ ಕುಡಿಕೆ ಹಿಡಿದು ಆ ಮೆಟ್ಟಿಲಿಳಿದವರೇ. ಬೆಳಗಿನ ಮಂಜು ಇನ್ನೂ ನೀರಿನ ಮೇಲಿತ್ತು. ಆಚೆಯ ಮೆಟ್ಟಿಲ ಮೇಲೆ ಪ್ರವಾಸಿಯೊಬ್ಬರು ಮೊಣಕಾಲೂರಿ, ಉದ್ದ ಮೂತಿಯ ಕ್ಯಾಮರಾವನ್ನು ನಮ್ಮ ಕಡೆ ಹಿಡಿದಿದ್ದರು. ಪುರೋಹಿತರು ಮಂತ್ರದ ನಡುವೆ, ಸ್ವರವನ್ನೂ ಬದಲಿಸದೆ, "ಅವರಿಗೆ ಆ ಕಡೆ ಹೋಗಲು ಹೇಳಿ" ಎಂದರು. ಅದೂ ಮಂತ್ರವೇ ಇರಬೇಕೆಂದು ನನ್ನ ತಮ್ಮ ಭಕ್ತಿಯಿಂದ ತಲೆಯಾಡಿಸಿದ. ಯಾರೂ ಹೇಳಲಿಲ್ಲ. ನನಗೆ ಸಿಟ್ಟೂ ಬರಲಿಲ್ಲ. ಆ ಪಟ ಚೆನ್ನಾಗಿಯೇ ಬಂದಿರಬೇಕು: ಮಂಜು, ಒದ್ದೆ ಪಂಚೆ, ಬಗ್ಗಿದ ಬೆನ್ನುಗಳು. ಯಾವ ದೇಶದ ಯಾವ ಗೋಡೆಯ ಮೇಲಿದೆಯೋ. ಅದರಲ್ಲಿ ನಮ್ಮಪ್ಪ ಇದ್ದಾರೆ, ಕುಡಿಕೆಯೊಳಗೆ. ನೋಡುವವರಿಗೆ ಅದು ತಿಳಿಯುವಂತಿಲ್ಲ.

ಅಪ್ಪನ ಬೀರುವಿನಲ್ಲಿ ಅಗ್ಫಾ ಕ್ಲಿಕ್ ಕ್ಯಾಮರಾ ಒಂದು ಸಿಕ್ಕಿತು. ಒಂದು ಸುರುಳಿಗೆ ಹನ್ನೆರಡೇ ಪಟ. ಅದರ ಚರ್ಮದ ಚೀಲದಲ್ಲಿ ಅಂಗೈಯಗಲದ ಒಂದು ಪಟವಿತ್ತು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದರು: "ಅಮ್ಮ. ಪಟ್ಟಣ. ೧೯೬೮." ನಾನು ಹುಟ್ಟುವುದಕ್ಕೆ ಮೊದಲೇ ತೀರಿಹೋಗಿದ್ದ ನನ್ನಜ್ಜಿ ಜಗಲಿಯ ಮೇಲೆ ಮೊರ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕುಳಿತಿದ್ದಾಳೆ. ಬೆನ್ನ ಹಿಂದೆ ಅರ್ಧ ಬಾಗಿಲು. ಮಾಡಿನ ಹೆಂಚಿನಾಚೆ ರಂಗನಾಥನ ಗೋಪುರದ ಒಂದು ಚೂರು. ಅಪ್ಪ ಕೋಟೆಯೊಳಗೆ ಹುಟ್ಟಿ ಬೆಳೆದವರೆಂದು ನಮಗೆ ತಿಳಿದಿತ್ತು. ಗುಮಾಸ್ತೆಯ ಕೆಲಸ ಸಿಕ್ಕಿ ಮೈಸೂರಿಗೆ ಬಂದರು, ಮನೆ ಮಾರಿದರು, ಅಷ್ಟೆ. ಬಸ್ಸಿನಲ್ಲಿ ನೂರು ಸಾರಿ ಆ ದಾರಿಯಾಗಿ ಹೋದರೂ "ಅದೋ ನಮ್ಮ ಮನೆ ಇದ್ದ ಬೀದಿ" ಎಂದು ಒಂದು ದಿನವೂ ಕೈ ತೋರಿಸಿದವರಲ್ಲ. ಆ ಹೊತ್ತಿಗೆ ಅವರ ಮುಖ ಹೊಳೆಯ ಕಡೆಗಿರುತ್ತಿತ್ತು. ಒಂದೂವರೆ ಲಕ್ಷವನ್ನು ಮೂವತ್ತೆರಡು ಸಾವಿರ ಮಾಡಿದ್ದು ಯುದ್ಧ; ಅಲ್ಲಿಂದ ಮುಂದೆ ಊರನ್ನು ಖಾಲಿಮಾಡಿದ್ದರಲ್ಲಿ ನಮ್ಮಂಥವರ ಗುಮಾಸ್ತಗಿರಿಯ ಪಾಲೂ ಉಂಟು. ಅದಕ್ಕೆ ಸ್ತಂಭವಿಲ್ಲ, ಫಲಕವಿಲ್ಲ.

ಮನೆಯನ್ನು ಹುಡುಕಬೇಕೆನ್ನಿಸಿತು. ಗಾಲಿಂಗ್ಸ್ ಸಾಹೇಬರ ಉಪಾಯವನ್ನೇ ಹಿಡಿದೆ. ಗೋಪುರದ ಆ ಚೂರು ಅದೇ ಕೋನದಲ್ಲಿ ಎಲ್ಲಿಂದ ಕಾಣುತ್ತದೆಂದು ಪಟವನ್ನು ಕಣ್ಣ ಮುಂದೆ ಹಿಡಿದು ಬೀದಿ ಬೀದಿ ತಿರುಗಿದೆ. ಮೂರು ಭಾನುವಾರಗಳು ಹಿಡಿದವು. ಸ್ಮಾರಕಗಳ ಕಡೆ ಹೋಗದೆ ಕೋಟೆಯೊಳಗೆ ಹೀಗೆ ಅಲೆಯುವವನನ್ನು ಕಂಡರೆ ಊರಿನವರಿಗೆ ಅನುಮಾನ. ಮೂಸಂಬಿ ರಸದ ಗಾಡಿಯವನೊಬ್ಬ, "ಸತ್ತ ಜಾಗ ಈ ಕಡೆ ಅಲ್ಲ ಸಾ, ಹಿಂದಕ್ಕೆ ಹೋಗಬೇಕು" ಎಂದು ಕರೆದು ದಾರಿ ತೋರಿಸಿದ. ನನಗೆ ಬೇಕಾದದ್ದು ಅದಲ್ಲವೆಂದೆ. "ಮತ್ತಿನ್ನೇನದೆ ಇಲ್ಲಿ?" ಎಂದು ಅವನು ನಿಜವಾದ ಕುತೂಹಲದಿಂದಲೇ ಕೇಳಿದ.

ಅಲೆದಾಟದಲ್ಲಿ ಅಪ್ಪನ ಕ್ಯಾಮರಾ ಕೊರಳಲ್ಲಿತ್ತು. ಅದರ ಸುರುಳಿಗೂ ತೊಳೆಯುವುದಕ್ಕೂ ಈಗ ಬೀಳುವ ಬೆಲೆಯನ್ನು ಮನೆಯಲ್ಲಿ ಹೇಳಿಲ್ಲ. ಹನ್ನೆರಡೇ ಎಂಬ ಕಟ್ಟು ಬಿದ್ದರೆ ಕಣ್ಣು ಕೊಂಚ ನಿಧಾನವಾಗುತ್ತದೆ. ನಮ್ಮ ಮೈಸೂರಿನವರೇ ಆದ ಟಿ. ಎಸ್. ಸತ್ಯನ್ (೧೯೨೩–೨೦೦೯) ಸಾಮಾನ್ಯ ಜನರ, ಅದರಲ್ಲಿಯೂ ಮಕ್ಕಳ ಪಟಗಳಿಂದ ಹೆಸರಾದವರು. ಅವರು ತೆಗೆದ ಮಕ್ಕಳ ಪಟಗಳು ೧೯೭೯ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶನಗೊಂಡವು. ಅವರ ಕೈ ನನಗಿಲ್ಲ. ಆದರೂ ಕೋಟೆಯ ಗೋಡೆಗೆ ಕಟ್ಟಿದ ಹಗ್ಗದಲ್ಲಿ ಒಣಗುತ್ತಿದ್ದ ಶಾಲೆಯ ಸಮವಸ್ತ್ರ, ಜುಮ್ಮಾ ಮಸೀದಿಯ ಜೋಡಿ ಮಿನಾರಿನ ನೆರಳಿನಲ್ಲಿ ಪಂಕ್ಚರ್ ಹಾಕುತ್ತಿದ್ದ ಹುಡುಗ, ಗಂಜಾಮಿನಿಂದ ಬಂದು ಅಂಜೂರ ಮಾರುವ ಮುದುಕ, ದೇವಸ್ಥಾನದ ಬೀದಿಯಲ್ಲಿ ತುಳಸಿ ಕಟ್ಟುವ ಹೆಂಗಸು, ಇವರನ್ನು ಕೇಳಿ ತೆಗೆದೆ. ಕೇಳಿದರೆ ಜನ ಬೇಡವೆನ್ನುವುದು ಕಡಿಮೆ, ಬೇಡವೆಂದವರು ಇಬ್ಬರು. ಪಶ್ಚಿಮವಾಹಿನಿಯ ಕಡೆಗೆ ಮಾತ್ರ ಕ್ಯಾಮರಾ ಒಯ್ಯಲಿಲ್ಲ.

ಮೂರನೆಯ ಭಾನುವಾರ ಗೋಪುರದ ಚೂರು ಪಟದಲ್ಲಿದ್ದಂತೆಯೇ ಬಂದು ನಿಂತಿತು. ಹೆಂಚಿನ ಮಾಡಿಲ್ಲ; ತಾರಸಿಯಾಗಿದೆ. ಜಗಲಿಯ ಅರ್ಧವನ್ನು ಒಡೆದು ಸ್ಕೂಟರ್ ಹತ್ತಿಸಲು ಇಳಿಜಾರು ಮಾಡಿದ್ದಾರೆ. ಉಳಿದರ್ಧ ಹಾಗೆಯೇ ಇದೆ. ಮನೆಯಾಕೆ ಹೊರಗೆ ಬಂದು ಪಟವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಕಲ್ಲು ಇದೇ ಕಲ್ಲು" ಎಂದು ಜಗಲಿಯ ಅಂಚಿನಲ್ಲಿದ್ದ ಒಂದು ಗುಳಿಯನ್ನು ತೋರಿಸಿದರು. ಪಟದಲ್ಲಿಯೂ, ಅಜ್ಜಿಯ ಎಡಗಾಲಿನ ಬಳಿ, ಅದೇ ಗುಳಿ. ಅವರ ಮಾವ ಆ ಮನೆಯನ್ನು ಕೊಂಡದ್ದಂತೆ. ಯಾರಿಂದ ಎಂಬುದು ಅವರಿಗೆ ತಿಳಿಯದು. ಒಳಗೆ ಕರೆದು ಕಾಫಿ ಕೊಟ್ಟರು. ಮಾರಿದವನ ಮಗ ನಾನೆಂದು ಹೇಳಿದಾಗ ಒಂದು ಕ್ಷಣ ಸುಮ್ಮನಿದ್ದು, "ಬಾವಿ ನೋಡ್ತೀರಾ?" ಎಂದರು. ನೋಡಿದೆ. ನೀರಿತ್ತು.

ಹೊರಡುವಾಗ, "ಅಜ್ಜೀದು ತೆಗೆದಂಗೆ ನಂದೂ ಒಂದು ತೆಗೀರಿ" ಎಂದು ಮೊಮ್ಮಗಳನ್ನು ಕರೆದು ಉಳಿದ ಅರ್ಧ ಜಗಲಿಯ ಮೇಲೆ ಕುಳಿತರು. ಸುರುಳಿಯಲ್ಲಿ ಒಂದೇ ಪಟ ಉಳಿದಿತ್ತು. ನಾನು ಅಪ್ಪ ನಿಂತಿದ್ದಿರಬೇಕಾದ ದೂರದಲ್ಲಿ ನಿಂತು ನೋಡಿದೆ. ಆಕೆ ಕೈಯೆತ್ತಿ ತಡೆದರು. "ಅದ್ರಲ್ಲಿ ಬಾಗಿಲು ಅರ್ಧಾನೇ ಬಂದದೆ. ನೀವು ಹಿಂದಕ್ಕೆ ಹೋಗಿ ಬಾಗಿಲು ಪೂರ್ತಾ ಬರಂಗೆ ತೆಗೀರಿ. ಈ ಬಾಗಿಲಿಗೆ ಬಣ್ಣ ಹೊಡೆಸಿ ಎಂಟು ದಿನ ಆಗದೆ."

ಹಿಂದಕ್ಕೆ ಹೋಗಲು ಎದುರು ಮನೆಯವರ ಸೈಕಲ್ಲನ್ನು ಸರಿಸಬೇಕಾಯಿತು. ಸುರುಳಿಯನ್ನು ತೊಳೆಯಲು ಕೊಟ್ಟಿದ್ದೇನೆ. ಶುಕ್ರವಾರ ಬರುತ್ತದೆಂದಿದ್ದಾರೆ, ಭಾನುವಾರ ಒಯ್ದು ಕೊಡಬೇಕು.